ಇಂಟರ್ವಲ್ ತನಕ ನಮ್ಮಾಕಿ

ನಮ್ಮ ಬನಹಟ್ಟಿಯ ಮನೆಯಲ್ಲಿ ಹೆಣ್ಣುಮಕ್ಕಳು ಸಿನಿಮಾಕ್ಕೆ ಹೋಗಬೇಕಾದರೆ ಆಯಿಯ ಒಂದು ಪ್ರಶ್ನೆಗೆ ಉತ್ತರ ಕೊಡಬೇಕಾಗುತ್ತಿತ್ತು. ಪಾರ್ಟು ಮಾಡಿದವರು ಯಾರು, ಟಿಕೇಟು ಎಷ್ಟು, ಆಟ ಬಿಡುವುದು ಎಷ್ಟೊತ್ತಿಗೆ ಇದ್ಯಾವುದನ್ನೂ ಆಕೆ ಕೇಳುತ್ತಿರಲಿಲ್ಲ. ರಾಟಿಯ ಮುಂದೆ ಕುಳಿತು ಕಂಡಿಕೆ ಸುತ್ತುತ್ತಲೇ, ತಲೆ ಎತ್ತದೆ, "ಕೊನೀಗೆ ಚಲೋ ಆಗತೈತೇನವಾ?" ಎನ್ನುತ್ತಿದ್ದಳು. ಚಲೋ ಆಗುವುದು ಅಂದರೆ ಮದುವೆ ಆಗುವುದು, ಸಾಯಬಾರದವರು ಸಾಯದೆ ಇರುವುದು, ಮನೆ ಬಿಟ್ಟು ಹೋದವರು ತಿರುಗಿ ಬಂದು ದೊಡ್ಡವರ ಕಾಲಿಗೆ ಬೀಳುವುದು. "ಹೂಂ ಆಯಿ, ಚಲೋನ ಆಗತೈತಿ" ಎಂದರೆ ಅಪ್ಪಣೆ ಸಿಕ್ಕಂತೆ. ಇನ್ನೂ ನೋಡದ ಸಿನಿಮಾದ ಕೊನೆ ನಮಗೆ ಹೇಗೆ ಗೊತ್ತು ಎಂದು ಆಕೆಯೂ ಕೇಳಲಿಲ್ಲ, ನಾವೂ ಹೇಳಲಿಲ್ಲ. ಗೊತ್ತಿರುತ್ತಿತ್ತು, ಅಷ್ಟೇ. ಗೋಡೆಗೆ ಹಚ್ಚಿದ ಚಿತ್ರ ನೋಡಿದರೆ ತಿಳಿಯುತ್ತಿತ್ತು. ಹುಡುಗಿ ಸೊಂಟದ ಮೇಲೆ ಕೈಯಿಟ್ಟು ಸಿಟ್ಟಿನಿಂದ ನಿಂತಿದ್ದಾಳೆ, ಹುಡುಗ ಬಾಜೂಕ್ಕೆ ನಿಂತು ನಗುತ್ತಿದ್ದಾನೆ ಅಂದರೆ ಇಬ್ಬರಿಗೂ ಲಗ್ನ ಖಾಯಂ.

ಈಗ ನಾನೇ ಆಯಿಯ ವಯಸ್ಸಿನ ಸಮೀಪ ಬಂದಿದ್ದೇನೆ. ಮೊದಲ ದೃಶ್ಯಕ್ಕೇ ಕೊನೆಯ ದೃಶ್ಯ ಗೊತ್ತಾಗುವಂಥ ಪ್ರೇಮದ, ನಗುವಿನ ಸಿನಿಮಾಗಳನ್ನು ಈ ಜೀವಮಾನದಲ್ಲಿ ಎಷ್ಟು ನೋಡಿದೆನೋ ಲೆಕ್ಕವಿಲ್ಲ. ಓದಿದವರು ಇಂಥ ಚಿತ್ರಗಳನ್ನು ಹಗುರಾಗಿ ಮಾತಾಡುವುದನ್ನು ಕೇಳಿದ್ದೇನೆ. "ಕಥೆ ಗೊತ್ತೇ ಇರ್ತದಲ್ಲ, ಏನು ನೋಡ್ತೀರಿ?" ಅನ್ನುತ್ತಾರೆ. ಕಥೆ ಗೊತ್ತಿದ್ದೇ ನೋಡುತ್ತೇವೆ. ಗೊತ್ತಿರುವುದು ದೋಷವೆಂದು ನನಗೆ ಯಾವತ್ತೂ ಅನಿಸಿಲ್ಲ. ದೋಷ ಬೇರೆ ಕಡೆ ಇದೆ, ಅದನ್ನು ನನಗೆ ತೋರಿಸಿಕೊಟ್ಟವಳು ನನ್ನ ಅಕ್ಕ. ಆದರೆ ಅದನ್ನು ಹೇಳುವ ಮೊದಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

'ಸಂಪತ್ತಿಗೆ ಸವಾಲ್' ತೆರೆ ಕಂಡದ್ದು 1974ರಲ್ಲಿ. ನಮ್ಮ ಕಡೆಗೆ ಅದರ ಡಬ್ಬಿ ಬಂದು ಮುಟ್ಟುವ ಹೊತ್ತಿಗೆ ಮರುವರ್ಷವಾಗಿತ್ತು. ಬೆಂಗಳೂರಿನವರು ನೋಡಿ ಮರೆತ ಮೇಲೆ ನಮಗೆ ಹೊಸದು. ಅಮಾವಾಸ್ಯೆಯ ದಿನ ನಮ್ಮ ಮನೆಯಲ್ಲಿ ಮಗ್ಗ ನಿಲ್ಲುತ್ತಿದ್ದವು. ಲಾಳಿಯ ಸದ್ದು ಇಲ್ಲದ ಆ ದಿನ ಮನೆ ಬಿಕೋ ಅನ್ನುತ್ತಿತ್ತು. ಅವ್ವ, ಚಿಗವ್ವ, ಅಕ್ಕ, ನಾನು, ಓಣಿಯ ಇನ್ನಿಬ್ಬರು ಕೂಡಿ ಬಸ್ಸು ಹತ್ತಿ ಜಮಖಂಡಿಗೆ ಮ್ಯಾಟ್ನಿ ಆಟಕ್ಕೆ ಹೋದೆವು. ಬುತ್ತಿಗೆ ಹುರಿದ ಶೇಂಗಾ, ಬೆಲ್ಲ. ಹೆಂಗಸರಿಗೆ ಬೇರೆ ಕಡೆ ಬಾಕು. ಮುಂದೆ ಕೂತ ಗಂಡಸರ ಬೀಡಿಯ ಹೊಗೆ ಪ್ರೊಜೆಕ್ಟರಿನ ಬೆಳಕಿನಲ್ಲಿ ನೀಲಿಯಾಗಿ ಸುತ್ತುವುದನ್ನು ನೋಡುವುದೇ ನನಗೆ ಅರ್ಧ ಸಿನಿಮಾ.

ಆ ಚಿತ್ರ ನಮಗೆ ಬೆಂಗಳೂರಿನದು ಅನ್ನಿಸಲೇ ಇಲ್ಲ. ಕಾರಣವೂ ಇತ್ತು. ಅದು ಮೊದಲು ನಾಟಕ. ಬರೆದವರು ನಮ್ಮ ಹುನಗುಂದ ತಾಲೂಕಿನ ಸೂಳೇಭಾವಿಯ ಪಿ.ಬಿ. ಧುತ್ತರಗಿಯವರು. ಕಂಪನಿ ನಾಟಕದವರು ಅದನ್ನು ಊರೂರಿಗೆ ಆಡಿದ್ದರು. ಬಾದಾಮಿಯ ಬನಶಂಕರಿ ಜಾತ್ರೆಯಲ್ಲಿ ಬನದ ಹುಣ್ಣಿಮೆಯಿಂದ ಮುಂದೆ ವಾರಗಟ್ಟಲೆ ನಾಟಕ ಕಂಪನಿಗಳು ತಂಬು ಹೊಡೆದು ಕೂಡುವುದು ನಿಮಗೆಲ್ಲ ಗೊತ್ತಿದ್ದದ್ದೇ. ಅಲ್ಲಿ ಒಂದು ತಂಬಿನಿಂದ ಹೊರಬಿದ್ದು ಇನ್ನೊಂದಕ್ಕೆ ಹೊಕ್ಕು ಬೆಳಗು ಮಾಡಿದವರ ಪೈಕಿ ನಮ್ಮ ಕಾಕಾನೂ ಒಬ್ಬ. ಆತ ಬಸ್ಸು ಹತ್ತುವಾಗಲೇ ನಮಗೆ ಕಥೆ ಪೂರ್ತಿ ಹೇಳಿ ಕಳಿಸಿದ್ದ. ಊರ ಸಾಹುಕಾರನ ಸೊಕ್ಕಿನ ಮಗಳು ದುರ್ಗಾ. ಯಾರಿಗೂ ತಲೆಬಾಗದ ಬಡವರ ಹುಡುಗ ಭದ್ರ. ಇಬ್ಬರಿಗೂ ಎಣ್ಣೆ ಸೀಗೇಕಾಯಿ. ಕೊನೆಗೆ ಏನಾಗುತ್ತದೆಂದು ನಾನು ಬರೆಯುವುದು ಬೇಡ.

ದುರ್ಗಾ ಆಗಿದ್ದವರು ಮಂಜುಳಾ. ಆ ಕಣ್ಣು, ಆ ಜಡೆ ಬೀಸುವ ರೀತಿ, ಎದುರಿಗಿದ್ದವನನ್ನು ಕಾಲಿನಿಂದ ತಲೆಯವರೆಗೆ ಅಳೆದು ಮಾತಾಡುವ ಧಾಟಿ! ಹೆಂಗಸರ ಕಡೆಯಿಂದ ಅವತ್ತು ಎಂಥ ಗದ್ದಲ ಅಂತೀರಿ. ಸೆರಗು ಬಾಯಿಗೆ ಹಚ್ಚಿಕೊಂಡು ನಗುವವರು, "ಬೈಯಿ, ಇನ್ನೊಂದು ಬೈಯಿ" ಎನ್ನುವವರು. ಅತ್ತೆ ಮಾವಂದಿರ ಮುಂದೆ ಗಟ್ಟಿಯಾಗಿ ಸೀನದ ನಮ್ಮ ಚಿಗವ್ವ ಬಾಕಿನ ಮೇಲೆ ಕೈ ಬಡಿದಳು. ರಾಜಕುಮಾರ್ ಎಮ್ಮೆಯ ಮೇಲೆ ಕುಳಿತು ಹಾಡುವ ಹಾಡಿಗೆ ಗಂಡಸರ ಕಡೆಯಿಂದ ಚಿಲ್ಲರೆ ದುಡ್ಡು ತೆರೆಗೆ ಬಿತ್ತು. ಅಲ್ಲಿಯವರೆಗೆ ಅವರ ಹಾಡುಗಳಿಗೆ ಹೆಚ್ಚಾಗಿ ಪಿ.ಬಿ. ಶ್ರೀನಿವಾಸರ ಕಂಠ ಇರುತ್ತಿತ್ತು. ಈ ಎಮ್ಮೆ ಹಾಡನ್ನು ರಾಜಕುಮಾರರೇ ಹಾಡಿದರು, ಆಮೇಲೆ ತಮ್ಮ ಹಾಡುಗಳನ್ನು ತಾವೇ ಹಾಡುವುದು ರೂಢಿಯಾಯಿತು. ಗಂಡಸರಿಗೆ ಎಮ್ಮೆ ಹಾಡು, ನಮಗೆ ಮಂಜುಳಾ. ಒಂದೇ ಟಾಕೀಸಿನಲ್ಲಿ ಎರಡು ಸಿನಿಮಾ ನಡೆದಿತ್ತು ಅವತ್ತು.

ಇಂಟರ್ವಲ್ ಆಯಿತು. ಸೋಡಾ ಬಂತು, ಚುರಮುರಿ ಬಂತು. ಆಮೇಲೆ ದುರ್ಗಾ ಒಂದೊಂದೇ ಮೆಟ್ಟಿಲು ಇಳಿಯತೊಡಗಿದಳು. ದನಿ ಇಳಿಯಿತು, ಕಣ್ಣು ಇಳಿಯಿತು. ಹೆಂಗಸರ ಕಡೆ ಗದ್ದಲವೂ ಇಳಿಯಿತು. ಕೊನೆಗೆ ಎಲ್ಲ ಚಲೋ ಆಯಿತು. ಆಯಿಗೆ ನಾವು ಸುಳ್ಳು ಹೇಳಿರಲಿಲ್ಲ.

ಕೊನೆ ಗೊತ್ತಿದ್ದೂ ರಾತ್ರಿಯಿಡೀ ಕುಳಿತು ನೋಡುವ ಚಾಳಿ ನಮಗೆ ಸಿನಿಮಾದಿಂದ ಬಂದದ್ದಲ್ಲ. ನಮ್ಮ ಭಾಗದ ದೊಡ್ಡ ಆಟವೆಂದರೆ ಶ್ರೀಕೃಷ್ಣ ಪಾರಿಜಾತ. ಅಪರಾಳ ತಮ್ಮಣ್ಣ ಕಟ್ಟಿದ್ದು, ಕುಲಗೋಡ ತಮ್ಮಣ್ಣ ತಿದ್ದಿ ಬೆಳೆಸಿದ್ದು ಅನ್ನುತ್ತಾರೆ. ಗೋಕಾಕದ ಕಡೆಯ ಕುಲಗೋಡ, ಕೌಜಲಗಿ, ಮುಧೋಳ ತಾಲೂಕಿನ ಲೋಕಾಪುರ ಎಂದು ಈ ಆಟದ ಊರುಗಳ ಹೆಸರು ಹೇಳುವಾಗ ಹಿರಿಯರ ಮುಖ ಅರಳುತ್ತಿತ್ತು. ಗಂಡಸರೇ ಸೀರೆ ಉಟ್ಟು ಹೆಣ್ಣುಪಾತ್ರ ಮಾಡುತ್ತಿದ್ದ ಕಾಲದಲ್ಲಿ ಕೌಜಲಗಿ ನಿಂಗಮ್ಮನಂಥ ಹೆಣ್ಣುಮಗಳು ಈ ಆಟದಲ್ಲಿ ಹೆಸರು ಮಾಡಿದ್ದಳು. ಆಕೆಯ ಹೆಸರನ್ನು ಆಯಿ ಸಂಬಂಧಿಕರ ಹೆಸರು ಹೇಳಿದಷ್ಟು ಸಲಿಗೆಯಿಂದ ಹೇಳುತ್ತಿದ್ದಳು.

ಕಥೆ ಎಷ್ಟು ದೊಡ್ಡದು? ನಾರದ ಒಂದು ಪಾರಿಜಾತದ ಹೂ ತರುತ್ತಾನೆ. ಕೃಷ್ಣ ಅದನ್ನು ರುಕ್ಮಿಣಿಗೆ ಕೊಡುತ್ತಾನೆ. ಸುದ್ದಿ ಸತ್ಯಭಾಮೆಗೆ ಮುಟ್ಟುತ್ತದೆ. ಆಕೆ ಬಾಗಿಲು ಹಾಕಿಕೊಳ್ಳುತ್ತಾಳೆ. ಇಷ್ಟೇ. ಊರ ಸಣ್ಣ ಹುಡುಗನಿಗೂ ಮುಂದಿನದು ಗೊತ್ತು. ಬೆಳಗಾಗುವುದರೊಳಗೆ ಬಾಗಿಲು ತೆರೆಯುತ್ತದೆ, ರಾಜಿಯಾಗುತ್ತದೆ. ಆದರೂ ಕಂಬಳಿ ಹೊದ್ದು ಕುಳಿತ ಒಬ್ಬರೂ ಏಳುವುದಿಲ್ಲ. ಏಕೆಂದರೆ ನೋಡಬೇಕಾದದ್ದು ಬಾಗಿಲು ತೆರೆಯುವುದನ್ನಲ್ಲ, ಬಾಗಿಲು ಮುಚ್ಚಿಕೊಂಡಿರುವುದನ್ನು.

ಆಯಿ ಆ ಬಾಗಿಲಿನ ಪ್ರಸಂಗವನ್ನು ರಾಟಿ ತಿರುಗಿಸುತ್ತ ನಮಗೆ ಎಷ್ಟೋ ಸಲ ಆಡಿ ತೋರಿಸಿದ್ದಾಳೆ. ಹೊರಗೆ ಕೃಷ್ಣ ನಿಂತಿದ್ದಾನೆ. ಒಳಗಿನಿಂದ ಯಾರು ಎಂದು ಪ್ರಶ್ನೆ. ಆತ ತನ್ನ ದೊಡ್ಡ ದೊಡ್ಡ ಹೆಸರು ಹೇಳುತ್ತಾನೆ. ಆಕೆ ಪ್ರತಿಯೊಂದಕ್ಕೂ ಅಡ್ಡ ಅರ್ಥ ಹಚ್ಚುತ್ತಾಳೆ. ಚಕ್ರ ಹಿಡಿದವನು ಎಂದರೆ ಕುಂಬಾರನೇನು, ಗಡಿಗೆ ಬೇಡ ಹೋಗು ಎನ್ನುತ್ತಾಳೆ. ಮೂರು ಲೋಕ ನಡೆಸುವವನು ಬೀದಿಯಲ್ಲಿ ಗಡಿಗೆ ಮಾರುವವನಂತೆ ನಿಂತಿರಬೇಕು. ಇಲ್ಲಿಗೆ ಬಂದಾಗ ಆಯಿಯ ಕೈಯಲ್ಲಿ ರಾಟಿ ನಿಂತು ಬಿಡುತ್ತಿತ್ತು. ಹಲ್ಲಿಲ್ಲದ ಬಾಯಲ್ಲಿ ನಗುತ್ತ, "ದೇವರಾದರ ಏನಾತು, ಹೊರಗ ನಿಂದ್ರಲಿ ಚಣಾ ಹೊತ್ತು" ಎನ್ನುತ್ತಿದ್ದಳು. ಅಜ್ಜ ಹೊರಗೆ ಪಡಸಾಲೆಯಲ್ಲಿ ಕೆಮ್ಮುತ್ತಿದ್ದ.

ಸತ್ಯಭಾಮೆಯ ಗರ್ವ ಇಳಿಯುವುದೇ ಆ ಆಟದ ಸಾರ, ಗೆಲ್ಲುವುದು ರುಕ್ಮಿಣಿಯ ಭಕ್ತಿ ಎಂದು ಹೇಳುವ ಶಾಸ್ತ್ರದವರಿದ್ದಾರೆ. ಇರಲಿ, ಅವರ ಮಾತನ್ನು ನಾನು ತೆಗೆದುಹಾಕುವುದಿಲ್ಲ. ಆದರೆ ರಾತ್ರಿಯ ಹೆಚ್ಚಿನ ಪಾಲು ಬೇಡಿಕೊಳ್ಳುವವನು ಗಂಡು, ಉತ್ತರ ಕೊಡುವವಳು ಹೆಣ್ಣು. ನಮ್ಮ ಆಯಿಯಂಥವರು ಮನೆಗೆ ತಂದದ್ದು ಆ ಪಾಲನ್ನು.

ಜಮಖಂಡಿ ಪಟವರ್ಧನರ ಸಂಸ್ಥಾನ, ಮುಧೋಳ ಘೋರ್ಪಡೆಯವರ ಸಂಸ್ಥಾನ. 1948ರಲ್ಲಿ ಅವು ಮುಂಬಯಿ ಪ್ರಾಂತದಲ್ಲಿ ಸೇರಿಹೋಗುವವರೆಗೂ ದರಬಾರಿನ ಮಾತು ಮರಾಠಿ. ಹಾಗಾಗಿ ಪಾರಿಜಾತದ ಜೊತೆಗೆ ಮರಾಠಿ ಸಂಗೀತ ನಾಟಕದ ಗಾಳಿಯೂ ಈ ಊರುಗಳಿಗೆ ಬೀಸಿತ್ತು. ಅಣ್ಣಾಸಾಹೇಬ ಕಿರ್ಲೋಸ್ಕರರ 'ಸೌಭದ್ರ' 1882ರಲ್ಲಿ ರಂಗಕ್ಕೆ ಬಂದ ನಾಟಕ. ಕಿರ್ಲೋಸ್ಕರರು ಹುಟ್ಟಿದ್ದು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ, ಅಂದರೆ ಅವರೂ ನಮ್ಮ ನೆರೆಯವರೇ. ಸುಭದ್ರೆಯನ್ನು ದುರ್ಯೋಧನನಿಗೆ ಕೊಡಬೇಕೆಂದು ಬಲರಾಮನ ಹಟ, ಆಕೆಯ ಮನಸ್ಸು ಅರ್ಜುನನಲ್ಲಿ, ಅರ್ಜುನ ಸನ್ಯಾಸಿಯ ವೇಷದಲ್ಲಿ, ಹಿಂದೆ ನಿಂತು ದಾರ ಎಳೆಯುವವನು ಕೃಷ್ಣ. ಇದರಲ್ಲಿಯೂ ಮುಂದೇನಾಗುತ್ತದೆ ಎಂದು ತಿಳಿಯದವರು ಯಾರು? ಬಾಲಗಂಧರ್ವರು ಸೀರೆ ಉಟ್ಟು ಸುಭದ್ರೆಯಾಗಿ ಬಂದರೆ ಮನೆತನಸ್ಥ ಹೆಂಗಸರು ಅವರ ಸೀರೆಯ ನೆರಿಗೆ ನೋಡಿ ತಮ್ಮ ನೆರಿಗೆ ತಿದ್ದಿಕೊಂಡರಂತೆ.

ಆ ಬಾಲಗಂಧರ್ವರ ಮಂಡಳಿಗೆ 1930ರ ದಶಕದ ಕೊನೆಗೆ ನಾಯಕಿಯ ಪಾತ್ರ ಮಾಡಲು ಹೋದವರು ಬೀಳಗಿಯ ಗೋಹರಬಾಯಿ. ಅವರ ತಂಗಿ ಅಮೀರಬಾಯಿ ಕರ್ನಾಟಕಿ ಮುಂಬಯಿಯ ಸಿನಿಮಾದಲ್ಲಿ ಹಾಡಿ, 1943ರ 'ಕಿಸ್ಮತ್' ಚಿತ್ರದ ಹಾಡುಗಳಿಂದ ದೇಶಕ್ಕೆಲ್ಲ ಗೊತ್ತಾದರು. ವಿಜಯಪುರದಲ್ಲಿ ಅವರ ಹೆಸರಿನ ಅಮೀರ ಟಾಕೀಸ್ ಇತ್ತು. ಬೀಳಗಿಯಂಥ ಊರಿನಿಂದ ಇಬ್ಬರು ಅಕ್ಕ ತಂಗಿಯರು ಹೊರಬಿದ್ದು ಹೆಣ್ಣಿನ ಪಾತ್ರವನ್ನು ಹೆಣ್ಣೇ ಮಾಡಿ, ಹೆಣ್ಣಿನ ಹಾಡನ್ನು ಹೆಣ್ಣೇ ಹಾಡಿ ತೋರಿಸಿದರು. ಇದನ್ನು ಯಾಕೆ ಹೇಳಿದೆನೆಂದರೆ, ರಂಗದ ಮೇಲೆ ಹೆಣ್ಣು ಬರುವ ತನಕ ಸೊಕ್ಕಿನ ಹೆಣ್ಣಿನ ಮಾತೂ ಗಂಡಸಿನ ಬಾಯಲ್ಲಿತ್ತು. ಆ ಮಾತಿಗೆ ಹೆಣ್ಣಿನ ದನಿ ಬಂದ ಮೇಲೆ ಅದರ ಖಾರವೇ ಬೇರೆ ಆಯಿತು. ಧುತ್ತರಗಿಯವರ ಹೆಂಡತಿ ಸರೋಜಮ್ಮನವರೂ ಹೆಸರಾಂತ ನಟಿ. ಕಂಪನಿ ನಾಟಕದ ನಾಯಕಿಯ ಮಾತಿನ ಬಿರುಸು ಬರಿ ಪುಸ್ತಕದಿಂದ ಹುಟ್ಟಿದ್ದಲ್ಲ ಎಂದು ನನ್ನ ಗುಮಾನಿ. ತಂಬಿನಲ್ಲಿ ದಿನಾ ಸಂಜೆ ಸಾವಿರ ಗಂಡಸರ ಕಣ್ಣಿಗೆ ಕಣ್ಣು ಕೊಟ್ಟು ನಿಂತ ಹೆಂಗಸರಿಂದ ಕಲಿತದ್ದು.

ಆದರೆ ಖಾರ ಹೆಚ್ಚಾದಂತೆ ನಾಟಕದವರಿಗೂ ಸಿನಿಮಾದವರಿಗೂ ಹೆದರಿಕೆ ಆಗಿರಬೇಕು. ಸತ್ಯಭಾಮೆಯ ಬಾಗಿಲ ಮುಂದೆ ಗಂಡು ನಿಂತಿದ್ದ. ಹೊಸ ಕಥೆಗಳಲ್ಲಿ ಹೆಣ್ಣನ್ನೇ ಬಾಗಿಲ ಹೊರಗೆ ನಿಲ್ಲಿಸಿದರು. ಕೊನೆ ಅದೇ ಉಳಿಯಿತು, ಬಾಗುವ ತಲೆ ಬದಲಾಯಿತು.

ಇದು ಬರೀ ನಮ್ಮ ಕಡೆಯ ಮಾತಲ್ಲ. ಇಂಗ್ಲೆಂಡಿನಲ್ಲಿ ಷೇಕ್ಸ್‌ಪಿಯರ್ ನಾನೂರು ವರ್ಷಗಳ ಹಿಂದೆಯೇ ಗಯ್ಯಾಳಿಯನ್ನು ಪಳಗಿಸುವ ನಾಟಕ ಬರೆದಿದ್ದ. ಅದರಲ್ಲಿ ಗಂಡ ಹೊಸ ಹೆಂಡತಿಗೆ ಹೊಡೆಯುವುದಿಲ್ಲ. ಅಡಿಗೆ ಸುಟ್ಟಿದೆ, ನಿನಗೆ ಒಗ್ಗುವುದಿಲ್ಲ ಎಂದು ಪ್ರೀತಿಯ ನೆಪ ಹೇಳಿ ತಟ್ಟೆ ತೆಗೆಸುತ್ತಾನೆ. ಹಾಸಿಗೆ ಸರಿಯಿಲ್ಲ ಎಂದು ನಿದ್ದೆ ಕೆಡಿಸುತ್ತಾನೆ. ಕೊನೆಗೆ ಆತ ಸೂರ್ಯನನ್ನು ಚಂದ್ರ ಎಂದರೆ ಆಕೆಯೂ ಚಂದ್ರ ಎನ್ನುತ್ತಾಳೆ. ಜನ ನಗುತ್ತಾರೆ. ಕನ್ನಡದಲ್ಲಿ ಪರ್ವತವಾಣಿಯವರು ಅದನ್ನು 'ಬಹದ್ದೂರ್ ಗಂಡ' ಮಾಡಿದರು. 1976ರಲ್ಲಿ ರಾಜಕುಮಾರ್, ಜಯಂತಿಯವರ 'ಬಹದ್ದೂರ್ ಗಂಡು' ಬಂತು, ಅಲ್ಲಿ ಸೊಕ್ಕಿನವಳು ರಾಜಕುಮಾರಿಯೇ. 1989ರಲ್ಲಿ ಪರ್ವತವಾಣಿಯವರ ಕೃತಿಯ ಆಧಾರದ ಮೇಲೆಯೇ 'ನಂಜುಂಡಿ ಕಲ್ಯಾಣ' ಬಂತು. ಅಷ್ಟರಲ್ಲಿ ನಾನು ಮದುವೆಯಾಗಿ ಮುಧೋಳಕ್ಕೆ ಬಂದು ಇಬ್ಬರು ಮಕ್ಕಳ ತಾಯಿಯಾಗಿದ್ದೆ.

ಈಗ ಅಕ್ಕನ ಮಾತು.

ಅಕ್ಕ ನನಗಿಂತ ನಾಲ್ಕು ವರ್ಷ ದೊಡ್ಡವಳು. ಮೆಟ್ರಿಕ್ ಪಾಸಾಗಿ ಜಮಖಂಡಿಯ ಕಾಲೇಜಿಗೆ ಹೋಗಬೇಕೆಂದು ಹಟ ಹಿಡಿದಿದ್ದಳು. ಮಾತಿನಲ್ಲಿ ಆಕೆಯನ್ನು ಹಿಡಿಯುವವರು ಓಣಿಯಲ್ಲಿ ಇರಲಿಲ್ಲ. ಆ ಸಿನಿಮಾ ನೋಡಿ ಬಂದ ಮೇಲೆ ಮಗ್ಗದ ಹುಡುಗರು ಆಕೆಗೆ ಹಿಂದಿನಿಂದ ದುರ್ಗಾ ಎಂದೇ ಹೆಸರಿಟ್ಟರು. ಆಕೆಗೂ ಒಳಗೊಳಗೆ ಖುಷಿ ಇತ್ತು. ಕನ್ನಡಿಯ ಮುಂದೆ ಜಡೆ ಬೀಸಿ ನೋಡಿಕೊಳ್ಳುತ್ತಿದ್ದುದನ್ನು ನಾನು ಕಂಡಿದ್ದೇನೆ.

ಅದೇ ವರ್ಷ ಕಾರ ಹುಣ್ಣಿಮೆ ಮುಗಿದ ಮೇಲೆ ಒಂದು ಬೀಗತನ ಬಂತು. ಹುಡುಗ, ಹುಡುಗನ ಸೋದರಮಾವ, ಮತ್ತೆ ನಾಲ್ಕು ಮಂದಿ. ಅವಲಕ್ಕಿ, ಚಹಾ ಆಯಿತು. ಹೆಸರೇನು, ಎಷ್ಟು ಕಲಿತಿದ್ದಿ, ಕಂಡಿಕೆ ಸುತ್ತಲು ಬರುತ್ತದೇನು ಎಂದು ಆಕೆಯನ್ನು ಕೇಳಿದರು. ಎಲ್ಲಕ್ಕೂ ಉತ್ತರ ಕೊಟ್ಟು ಅಕ್ಕ ತಲೆ ಎತ್ತಿ ಹುಡುಗನ ಕಡೆ ನೋಡಿ, "ನೀವು ಎಷ್ಟು ಕಲತೀರಿ?" ಎಂದಳು.

ಪಡಸಾಲೆ ಸ್ತಬ್ಧವಾಯಿತು. ಅಪ್ಪನ ಮುಖ ಕಪ್ಪಾಯಿತು. ಒಳಗೆ ಅವ್ವ ಬಾಯಿಗೆ ಸೆರಗು ಹಚ್ಚಿದಳು. ಆಗ ಹುಡುಗನ ಸೋದರಮಾವನೇ ದೊಡ್ಡದಾಗಿ ನಕ್ಕ. "ಇರಲಿ ಬಿಡ್ರಿ ಸಾವಕಾರ್ರ, ಸಂಪತ್ತಿಗೆ ಸವಾಲ್‌ನಾಕಿ ಆಗ್ಯಾಳ. ಇಂಟರ್ವಲ್ ಆದ ಮ್ಯಾಲ ಮೆತ್ತಗ ಆಗತಾಳ" ಎಂದ. ಎಲ್ಲರೂ ನಕ್ಕರು. ಆತನ ಮಾತಿನಿಂದ ಮನೆಯ ಮರ್ಯಾದೆ ಉಳಿಯಿತೆಂದು ಅಪ್ಪನೂ ನಕ್ಕ. ನಾನೂ ನಕ್ಕೆ, ಹದಿನಾಲ್ಕು ವರ್ಷದವಳು, ಅರ್ಥವಾಗದೆ. ಆ ನಗುವಿನಲ್ಲೇ ಮಾತು ಪಕ್ಕಾ ಆಯಿತು. ಅಕ್ಕ ಕೇಳಿದ ಪ್ರಶ್ನೆಗೆ ಉತ್ತರ ಯಾರೂ ಕೊಡಲಿಲ್ಲ.

ನನ್ನ ಭಾವನವರು ಕೆಟ್ಟ ಮನುಷ್ಯರಲ್ಲ. ಕುಡಿಯಲಿಲ್ಲ, ಹೊಡೆಯಲಿಲ್ಲ. ಆ ಮನೆಯಲ್ಲಿ ಊಟಕ್ಕೆ ಉಡುವುದಕ್ಕೆ ಕಡಿಮೆಯಿರಲಿಲ್ಲ. ಸಿನಿಮಾದಂತೆ ಒಂದು ದಿನ ಎಲ್ಲರ ಮುಂದೆ ಆಕೆಯ ಸೊಕ್ಕು ಮುರಿದ ದೃಶ್ಯವೂ ನಡೆಯಲಿಲ್ಲ. ಆಕೆ ಏನಾದರೂ ಅಂದಾಗ ಮನೆಯವರು ಒಬ್ಬರ ಮುಖ ಒಬ್ಬರು ನೋಡಿ ಮುಗುಳ್ನಗುತ್ತಿದ್ದರು, ಇನ್ನೂ ಇಂಟರ್ವಲ್ ಆಗಿಲ್ಲ ಎಂಬಂತೆ. ಸಿಟ್ಟಿಗೆ ಎದುರು ಮಾತಾಡಬಹುದು, ನಗುವಿಗೆ ಏನು ಹೇಳುವುದು? ಎರಡನೆಯ ಪಂಚಮಿಗೆ ತವರಿಗೆ ಬರುವ ಹೊತ್ತಿಗೆ ಆಕೆ ಪ್ರಶ್ನೆ ಕೇಳುವುದನ್ನೇ ಬಿಟ್ಟಿದ್ದಳು. ಜೋಕಾಲಿ ಆಡಲಿಲ್ಲ. ಆಯಿಯ ಬಾಜೂಕ್ಕೆ ಕುಳಿತು ದಿನವೆಲ್ಲ ಕಂಡಿಕೆ ಸುತ್ತಿದಳು. "ಹುಡುಗಿ ಹೊಂದಿಕೊಂಡಾಳ" ಎಂದು ಅವ್ವ ದೇವರಿಗೆ ದೀಪ ಹಚ್ಚಿದಳು. ಆಯಿ ಮಾತ್ರ ಏನೂ ಅನ್ನಲಿಲ್ಲ, ಆ ಸಲ ಪಾರಿಜಾತದ ಬಾಗಿಲನ್ನೂ ಆಡಿ ತೋರಿಸಲಿಲ್ಲ.

1989ರ 'ನಂಜುಂಡಿ ಕಲ್ಯಾಣ'ವನ್ನು ಮುಧೋಳದಲ್ಲಿ ನಾನೂ ಅಕ್ಕನೂ ಕೂಡಿ ನೋಡಿದೆವು. ಆಕೆ ನಮ್ಮ ಮನೆಗೆ ಬಂದು ಎರಡು ದಿನ ಇದ್ದಳು. ಮಾಲಾಶ್ರೀಗೆ ಅದು ಮೊದಲ ಕನ್ನಡ ಚಿತ್ರ. ಎಂಥ ಹುಡುಗಿ ಅದು, ತೆರೆಯ ಮೇಲೆ ನಿಲ್ಲಲು ಜಾಗವೇ ಸಾಲದು ಅನ್ನುವಂತೆ! ಕುಡಿದು ತೂರಾಡುತ್ತ ಹಾಡುವ ಹಾಡಿಗೆ, ಮಂಜುಳಾ ಗುರುರಾಜ್ ಹಾಡಿದ್ದು, ಟಾಕೀಸು ಕುಣಿಯಿತು. ಹದಿನಾಲ್ಕು ವರ್ಷಗಳ ಹಿಂದೆ ಜಮಖಂಡಿಯಲ್ಲಿ ಕೇಳಿದ್ದ ಹೆಂಗಸರ ಗದ್ದಲವೇ ಮತ್ತೆ. ಅಕ್ಕನೂ ನಕ್ಕಳು, ಕಣ್ಣಲ್ಲಿ ನೀರು ಬರುವ ತನಕ. ಇಂಟರ್ವಲ್ ಆದ ಮೇಲೆ ಸ್ವಲ್ಪ ಹೊತ್ತಿಗೆ ನೋಡಿದರೆ ಬಾಜೂಕ್ಕೆ ಆಕೆ ಇಲ್ಲ. ಸಂಡಾಸಕ್ಕೆ ಹೋಗಿರಬೇಕು ಅಂದುಕೊಂಡೆ. ಆಟ ಬಿಟ್ಟ ಮೇಲೆ ಹೊರಗೆ ಬಂದರೆ ಮಿರ್ಚಿ ಭಜಿಯ ಗಾಡಿಯ ಹತ್ತಿರ ನಿಂತಿದ್ದಳು. ನನಗೂ ಒಂದು ಪೊಟ್ಟಣ ಕಟ್ಟಿಸಿ ಹಿಡಿದುಕೊಂಡಿದ್ದಳು.

"ಯಾಕಕ್ಕಾ, ಎದ್ದು ಬಂದಿ?"

"ಮುಂದಿಂದು ನನಗ ಗೊತ್ತೈತಿ" ಎಂದಳು. "ಭಜಿ ಆರತಾವ, ತಿನ್ನು."

ಆ ಭಜಿ ತಿನ್ನುತ್ತ ನಿಂತ ಹೊತ್ತಿನಿಂದ ನನಗೆ ಈ ಸಿನಿಮಾಗಳ ಲೆಕ್ಕ ಬೇರೆಯಾಗಿ ಕಾಣತೊಡಗಿತು. ಆಯಿ ಕೇಳುತ್ತಿದ್ದ ಪ್ರಶ್ನೆಯ ಗುಟ್ಟು ತಿಳಿಯಿತು. ಕೊನೆಗೆ ಚಲೋ ಆಗುತ್ತದೆ ಎಂಬ ಖಾತ್ರಿ ಇದ್ದದ್ದರಿಂದಲೇ ಮನೆಯ ಗಂಡಸರು ನಮ್ಮನ್ನು ಕಳಿಸುತ್ತಿದ್ದರು. ಆ ಗೊತ್ತಿರುವ ಕೊನೆಯೇ ನಮ್ಮ ಅಪ್ಪಣೆ ಚೀಟಿ. ಅದನ್ನು ತೋರಿಸಿ ಒಳಗೆ ಹೊಕ್ಕು ನಾವು ನೋಡುತ್ತಿದ್ದದ್ದು ಮೊದಲಿನ ಒಂದೂವರೆ ತಾಸು. ಅಲ್ಲಿ ಒಬ್ಬ ಹುಡುಗಿ ಜೋರಾಗಿ ನಗುತ್ತಾಳೆ, ಬಾಯಿಗೆ ಬಂದದ್ದು ಅನ್ನುತ್ತಾಳೆ, ಯಾರೂ ಆಕೆಯನ್ನು ಕೊಲ್ಲುವುದಿಲ್ಲ. ದುಃಖದ ಚಿತ್ರವಾಗಿದ್ದರೆ ಅಂಥವಳು ಹೊಳೆಗೆ ಹಾರಬೇಕಾಗುತ್ತಿತ್ತು. ನಗೆಯ ಚಿತ್ರದಲ್ಲಿ ಬದುಕುತ್ತಾಳೆ, ಮದುವೆಯೂ ಆಗುತ್ತಾಳೆ. ಇದು ಸಣ್ಣ ಸುಖವಲ್ಲ. ಎಂಟು ದಿನ ಕಂಡಿಕೆ ಸುತ್ತಿ ಬೆನ್ನು ಹಿಡಿದುಕೊಂಡ ಹೆಂಗಸಿಗೆ ಅದು ಎಂಥ ಸುಖ ಎಂದು ಓದಿದವರಿಗೆ ತಿಳಿಯುವುದು ಕಷ್ಟ. ಆದರೆ ಅದಕ್ಕೆ ಕೊಡಬೇಕಾದ ಬೆಲೆ ಎರಡನೆಯ ಅರ್ಧದಲ್ಲಿತ್ತು. ಟಿಕೇಟಿನ ದುಡ್ಡು ಕಿಟಕಿಯಲ್ಲಿ ಕೊಟ್ಟಿರುತ್ತಿದ್ದೆವು, ಈ ಬೆಲೆಯನ್ನು ಮನೆಗೆ ಹೋಗಿ ಕೊಡುತ್ತಿದ್ದೆವು. ಆ ಸೋದರಮಾವನೂ ನಮ್ಮಂತೆಯೇ ಅದೇ ಸಿನಿಮಾ ನೋಡಿದ್ದ. ನಾವು ಮೊದಲರ್ಧ ಕಲಿತು ಬಂದೆವು, ಆತ ಎರಡನೆಯದನ್ನು.

ಮಂಜುಳಾ 1986ರಲ್ಲಿ ಚಿಕ್ಕ ವಯಸ್ಸಿನಲ್ಲೇ ತೀರಿಕೊಂಡರು. ಪೇಪರಿನಲ್ಲಿ ಓದಿದಾಗ ಯಾರೋ ನಮ್ಮ ಓಣಿಯವಳು ಹೋದಂತಾಗಿತ್ತು. ಮಾಲಾಶ್ರೀಯ ದಾರಿ ಬೇರೆ ಆಯಿತು. ಪಳಗಿದ ಹುಡುಗಿಯಾಗಿ ಬಂದವರು 1991ಕ್ಕೆ 'ಎಸ್.ಪಿ. ಭಾರ್ಗವಿ'ಯಲ್ಲಿ ಖಾಕಿ ತೊಟ್ಟು ನಿಂತರು. ಜನ ಅದನ್ನೂ ನೋಡಿದರು. ಹುಡುಗಿ ಮೆತ್ತಗಾಗದಿದ್ದರೆ ಚಿತ್ರ ಓಡುವುದಿಲ್ಲ ಎಂಬ ಹೆದರಿಕೆ ಬಹುಶಃ ಮಾಡುವವರಿಗೆ ಇತ್ತು, ನೋಡುವವರಿಗೆ ಇರಲಿಲ್ಲ. ಆದರೂ ಭಾರ್ಗವಿಯಲ್ಲಿ ನಗು ಇಲ್ಲವಲ್ಲ. ನಮಗೆ ಹುಡುಗಿಯೂ ಬೇಕು, ನಗುವೂ ಬೇಕು.

ಎರಡೂ ಇದ್ದ ಒಂದು ಚಿತ್ರ ನನ್ನ ನೆನಪಿನಲ್ಲಿದೆ, 1990ರ 'ಗಣೇಶನ ಮದುವೆ'. ಫಣಿ ರಾಮಚಂದ್ರ ಮಾಡಿದ್ದು, ಅನಂತನಾಗ್ ಮತ್ತು ವಿನಯಾ ಪ್ರಸಾದ್. ಹೆಸರಿನಲ್ಲೇ ಕೊನೆ ಹೇಳಿಬಿಟ್ಟಿದ್ದಾರೆ ನೋಡಿ, ಮುಚ್ಚುಮರೆಯೇ ಇಲ್ಲ. ಒಂದೇ ವಠಾರದಲ್ಲಿ ಗಣೇಶನಿಗೂ ಆದಿಲಕ್ಷ್ಮಿಗೂ ದಿನಬೆಳಗಾದರೆ ಜಗಳ. ಆದರೆ ರೇಡಿಯೋದಲ್ಲಿ ಹಾಡುವ ಶ್ರುತಿ ಎಂಬ ಹುಡುಗಿಗೆ ಆತ ಬೇರೆ ಹೆಸರಿನಿಂದ ಕಾಗದ ಬರೆದು ಪ್ರೀತಿಸುತ್ತಾನೆ, ಆ ಶ್ರುತಿ ಇದೇ ಆದಿಲಕ್ಷ್ಮಿ. ನೋಡುವವರಿಗೆಲ್ಲ ಗೊತ್ತು, ಅವರಿಬ್ಬರಿಗೆ ಗೊತ್ತಿಲ್ಲ. ಕಾಗದದಲ್ಲಿ ಪ್ರೀತಿ, ಎದುರಿನಲ್ಲಿ ಜಗಳ ಎಂಬ ಈ ಹೂಟ ಬಹಳ ಹಳೆಯದು. ಹಂಗೇರಿಯ ಒಂದು ನಾಟಕದಿಂದ ಹಾಲಿವುಡ್ಡಿನವರು 1940ರಲ್ಲೇ ಇಂಥ ಒಂದು ಸಿನಿಮಾ ಮಾಡಿದ್ದರು, 1998ರಲ್ಲಿ ಅದನ್ನೇ ಕಂಪ್ಯೂಟರಿನ ಕಾಗದ ಮಾಡಿ ಮತ್ತೆ ತೆಗೆದರು. ನಮ್ಮ ಗಣೇಶನಲ್ಲಿ ನನಗೆ ಹಿಡಿಸಿದ್ದು ಇಬ್ಬರೂ ಸಮಾ ಮಬ್ಬರು ಎಂಬುದು. ಇಬ್ಬರಿಗೂ ನಾಲಿಗೆ ಉದ್ದ. ಕೊನೆಗೆ ನಾಚಿಕೆಪಡುವಾಗ ಇಬ್ಬರೂ ಪಡುತ್ತಾರೆ. ಸೊಕ್ಕು ಇಳಿಸುವ ಕೆಲಸ ಯಾರಿಗೂ ಇಲ್ಲ, ಯಾಕೆಂದರೆ ಅದನ್ನು ಯಾರೂ ಸೊಕ್ಕು ಎಂದು ತಿಳಿದಿಲ್ಲ. ಭಾನುವಾರ ಸಂಜೆ ಟೀವಿಯಲ್ಲಿ ಅದು ಬಂದಾಗ ಅಕ್ಕ ನಮ್ಮ ಮನೆಯಲ್ಲಿದ್ದಳು. ಕೊನೆಯವರೆಗೂ ಕುಳಿತಳು. ನಾನು ಓರೆಗಣ್ಣಿನಿಂದ ಸಿನಿಮಾ ಬಿಟ್ಟು ಆಕೆಯನ್ನೇ ನೋಡುತ್ತಿದ್ದೆ.

ಆಮೇಲೆ 2006ರಲ್ಲಿ 'ಮುಂಗಾರು ಮಳೆ' ಬಂತು. ನನ್ನ ಮಗಳು ನಾಲ್ಕು ಸಲ ನೋಡಿ ನಾಲ್ಕು ಸಲವೂ ಅತ್ತಳು. ಕೊನೆಯಲ್ಲಿ ಮದುವೆ ಇಲ್ಲ, ಹುಡುಗ ಹುಡುಗಿಯನ್ನು ಬಿಟ್ಟುಕೊಟ್ಟು ಹೋಗುತ್ತಾನೆ, ಇಂಥ ಕೊನೆ ಯಾರೂ 'ಊಹಿಸಿರಲಿಲ್ಲ' ಎಂದು ಆಕೆಯ ವಾದ. ಚಂದದ ಚಿತ್ರ, ಹಾಡುಗಳು ಇವತ್ತಿಗೂ ಕಿವಿಯಲ್ಲಿವೆ. ಆದರೆ ನಾನು ಕೇಳಿದೆ, "ಆ ಹುಡುಗಿಗೂ ಅಂವ ಬೇಕಾಗಿದ್ದನಲ್ಲ, ಬಿಟ್ಟುಕೊಡೋ ಮುಂದ ಆಕೀನ ಕೇಳಿದನೇನು?" ಮಗಳು ಸುಮ್ಮನಾದಳು. ಮತ್ತೆ, "ಅವ್ವಾ, ನಿನ್ನ ಜೋಡಿ ಸಿನಿಮಾ ನೋಡಬಾರದು ನೋಡು" ಎಂದಳು. ಕೊನೆ ಬದಲಾದರೆ ಸಾಕೆಂದು ನಾವು ತಿಳಿಯುತ್ತೇವೆ. ಅಕ್ಕನ ಪ್ರಶ್ನೆಗೆ ಉತ್ತರ ಇನ್ನೂ ಸಿಕ್ಕಿಲ್ಲ.

ಹೋದ ದೀಪಾವಳಿಗೆ ಅಕ್ಕ ಬಂದಿದ್ದಳು. ಭಾವನವರು ಹೋಗಿ ಆರು ವರ್ಷವಾಯಿತು. ಮೊಣಕಾಲು ನೋವು, ಒಂದು ಕಣ್ಣಿಗೆ ಆಪರೇಶನ್ ಆಗಿದೆ. ನನ್ನ ಮೊಮ್ಮಗಳು ಬೆಂಗಳೂರಿನಿಂದ ಬಂದವಳು, ದೊಡ್ಡಜ್ಜಿಗೆ ಬೇಸರವಾಗಬಾರದೆಂದು ಮೊಬೈಲಿನಲ್ಲಿ ಹಳೆಯ ಸಿನಿಮಾ ಹುಡುಕಿ ಕೊಟ್ಟಳು. ಯಾವುದು ಬೇಕಜ್ಜಿ ಎಂದು ಕೇಳಿದ್ದಕ್ಕೆ ಅಕ್ಕ ತಡ ಮಾಡದೆ 'ಸಂಪತ್ತಿಗೆ ಸವಾಲ್' ಅಂದಳು. ಅಂಗೈಯಗಲದ ತೆರೆಯ ಮೇಲೆ ಮಂಜುಳಾ. ನಾವಿಬ್ಬರೂ ತಲೆಗೆ ತಲೆ ಹಚ್ಚಿಕೊಂಡು ನೋಡಿದೆವು. ದುರ್ಗಾ ಮಾತಾಡುವುದಕ್ಕಿಂತ ಒಂದು ಚಣ ಮೊದಲೇ ಅಕ್ಕ ಆ ಮಾತು ಅನ್ನುತ್ತಿದ್ದಳು. ಐವತ್ತು ವರ್ಷವಾದರೂ ಒಂದಕ್ಷರ ಮರೆತಿರಲಿಲ್ಲ.

ವಿರಾಮ ಬಂತು. ಅಕ್ಕ ಕನ್ನಡಕ ತೆಗೆದು ಸೆರಗಿನಿಂದ ಒರೆಸಿ ಮತ್ತೆ ಹಾಕಿಕೊಂಡಳು.

"ಇಲ್ಲೀತನಾ ಸಾಕು" ಎಂದಳು ಮೊಮ್ಮಗಳಿಗೆ. "ಮತ್ತ ಮೊದಲಿಂದ ಹಚ್ಚು."